ಬಾಗಿಲು ತೆರೆಯುವ ಮುನ್ನ



ನಮ್ಮ ಕುಟುಂಬಗಳ ಅನೇಕ ತರುಣ ತರುಣಿಯರು ಇಂದು ಗಣಕಯಂತ್ರದ ಕಾಯಕವನ್ನು ಕೈಗೊಂಡಿದ್ದಾರೆ. ಜಾಲತಾಣಗಳನ್ನು ನಿರ್ಮಿಸುವುದು, ಪರೀಕ್ಷಿಸುವುದು, ಅನಂತರ ಅಂತರ್ಜಾಲದಲ್ಲಿ ಲೋಕಕ್ಕೆ ಒಪ್ಪಿಸುವುದು ಅವರ ನಿತ್ಯದ ದುಡಿಮೆಯಾಗಿದೆ. ಕಟ್ಟಿ ಮುಗಿಸಿದೊಡನೆ ಪ್ರಕಟಿಸಿದರಾಯಿತಲ್ಲವೇ, ಪರೀಕ್ಷೆಗೆಂದು ಇಷ್ಟು ಕಾಲಹರಣವೇಕೆ ಎಂದು ಕೇಳುವ ಹಿರಿಯರೂ ಉಂಟು. ಈ ಪ್ರಶ್ನೆಗೆ ಅಮೆರಿಕೆಯಲ್ಲಿ ನಡೆದ ಒಂದು ಪ್ರಸಂಗವು ಸಮರ್ಪಕವಾದ ಉತ್ತರವನ್ನು ಕೊಡುವುದರಿಂದ ಅದನ್ನು ಇಲ್ಲಿ ನಿವೇದಿಸುತ್ತೇವೆ.

ಆ ದೇಶದಲ್ಲಿ ವೈದ್ಯಕೀಯ ವೆಚ್ಚವು ಬಲು ದುಬಾರಿ. ವಿಮೆಯಿಲ್ಲದ ಮನೆಯಲ್ಲಿ ಒಬ್ಬರು ರೋಗಕ್ಕೆ ತುತ್ತಾದರೆ ಇಡೀ ಸಂಸಾರವೇ ಸಾಲದಲ್ಲಿ ಮುಳುಗುವುದುಂಟು. ಈ ಸಂಕಟವನ್ನು ತಗ್ಗಿಸಲೆಂದು ಅಂದಿನ ಅಧ್ಯಕ್ಷ ಬರಾಕ್ ಒಬಾಮಾ ಅವರು 2010ರ ಮಾರ್ಚ್ 23ರಂದು ಒಂದು ಕಾಯಿದೆಗೆ ಸಹಿ ಮಾಡಿದರು. ಅದರ ಮೇರೆಗೆ, ಜನರು ವಿಮಾ ಯೋಜನೆಗಳನ್ನು ಹೋಲಿಸಿ ನೋಡಿ ಆರಿಸಿಕೊಳ್ಳುವ ವ್ಯವಸ್ಥೆಯು ‘ಹೆಲ್ತ್‌ಕೇರ್ ಡಾಟ್ ಗವ್’ ಎಂಬ ಸರ್ಕಾರಿ ಜಾಲತಾಣದಲ್ಲಿ 2013ರ ಅಕ್ಟೋಬರ್ 1ರಂದು ಆರಂಭವಾಯಿತು. 36 ರಾಜ್ಯಗಳ ಜನರಿಗೆ ಅದೇ ಆಧಾರವಾಗಿತ್ತು.

ಮೊದಲ ದಿನವೇ ಲಕ್ಷಾಂತರ ಜನರು ಬಂದರು. ಕೆಲವೇ ಗಂಟೆಗಳಲ್ಲಿ ತಾಣವು ಸ್ತಬ್ಧವಾಯಿತು. ಆ ದಿನ ವಿಮೆಗೆ ಹೆಸರು ನೋಂದಾಯಿಸಿ ಪೂರೈಸಲು ಸಾಧ್ಯವಾದದ್ದು ಕೇವಲ 6 ಮಂದಿಗೆ! ಎರಡನೆಯ ದಿನ ಮುಗಿಯುವ ಹೊತ್ತಿಗೆ ಈ ಸಂಖ್ಯೆ 248ಕ್ಕೆ ಮುಟ್ಟಿತ್ತು. ವರ್ಷಗಳಿಂದ ವಿಮೆಗಾಗಿ ಕಾದಿದ್ದ ರೋಗಿಗಳೂ ಬಡವರೂ ಬರಿದೇ ಪರದೆಯನ್ನು ನೋಡುತ್ತ ಕುಳಿತರು.

ಇದಕ್ಕೆ ಕಾರಣವೇನು? ಹಣದ ಕೊರತೆಯಲ್ಲ, ಬುದ್ಧಿವಂತರ ಅಭಾವವೂ ಅಲ್ಲ. ಬೇರೆ ಬೇರೆ ಗುತ್ತಿಗೆದಾರರು ಬೇರೆ ಬೇರೆ ಭಾಗಗಳನ್ನು ಕಟ್ಟಿದ್ದರು. ಆದರೆ ಎಲ್ಲವನ್ನೂ ಜೋಡಿಸಿ ಆದಿಯಿಂದ ಅಂತ್ಯದವರೆಗೆ ಪರೀಕ್ಷಿಸುವ ಕಾರ್ಯವು ಉದ್ಘಾಟನೆಗೆ ಮುಂಚಿನ ಎರಡು ವಾರಗಳಲ್ಲಿ ಮಾತ್ರ ನಡೆಯಿತು. ಇನ್ನೂ ಹೆಚ್ಚು ಕಾಲ ಬೇಕಿತ್ತೆಂದು ಗುತ್ತಿಗೆದಾರರ ಪ್ರತಿನಿಧಿಗಳೇ 2013ರ ಅಕ್ಟೋಬರ್ 24ರಂದು ಸಂಸತ್ತಿನ ಸಮಿತಿಯ ಮುಂದೆ ಹೇಳಿದರು. ಇದರ ಜೊತೆಗೆ, ಯೋಜನೆಗಳ ಬೆಲೆಯನ್ನು ನೋಡುವ ಮೊದಲೇ ಪ್ರತಿಯೊಬ್ಬರೂ ಖಾತೆ ತೆರೆಯಬೇಕೆಂಬ ನಿಯಮವಿತ್ತು. ಸುಮ್ಮನೆ ನೋಡಿ ಹೋಗಲು ಬಂದವರೂ ಅದೊಂದೇ ಕಿರುಬಾಗಿಲಲ್ಲಿ ನೂಕುನುಗ್ಗಲಾಗಿ ಸಿಲುಕಿದರು.

ಅನಂತರ ಜೆಫ್ರಿ ಝೈಂಟ್ಸ್ ಅವರ ಮೇಲ್ವಿಚಾರಣೆಯಲ್ಲಿ ದುರಸ್ತಿ ಕಾರ್ಯ ಆರಂಭವಾಯಿತು. ತಜ್ಞರು ಪ್ರತಿದಿನವೂ ಸಮಾಲೋಚಿಸಿ, ಮುಖ್ಯವಾದ ದೋಷಗಳನ್ನು ಮೊದಲು, ಉಳಿದವನ್ನು ಆಮೇಲೆ ಎಂಬ ಕ್ರಮದಲ್ಲಿ ನೂರಾರು ತಪ್ಪುಗಳನ್ನು ತಿದ್ದಿದರು. ನವೆಂಬರ್ ಕೊನೆಯ ಹೊತ್ತಿಗೆ ಏಕಕಾಲಕ್ಕೆ 50,000 ಜನರು ಬಳಸಬಹುದೆಂದು ಸರ್ಕಾರವು ಘೋಷಿಸಿತು. 2014ರ ಏಪ್ರಿಲ್ ವೇಳೆಗೆ, ರಾಜ್ಯಗಳ ಸ್ವಂತ ತಾಣಗಳೂ ಸೇರಿ, 80 ಲಕ್ಷ ಜನರು ವಿಮೆಗೆ ಹೆಸರು ನೋಂದಾಯಿಸಿದ್ದರು. ಎರಡು ತಿಂಗಳಲ್ಲಿ ಸರಿಪಡಿಸಬಹುದಾದದ್ದನ್ನು ಮೊದಲೇ ಸರಿಪಡಿಸಿದ್ದರೆ ಜನರ ಬವಣೆ ಎಷ್ಟೋ ತಪ್ಪುತ್ತಿತ್ತು.

ಆದುದರಿಂದ ಪರೀಕ್ಷೆಯಲ್ಲಿ ಹಂತಗಳುಂಟೆಂಬುದನ್ನು ಮನಗಾಣಬೇಕು. ಮೊದಲು ಬಿಡಿ ಭಾಗಗಳ ಪರೀಕ್ಷೆ. ಬಳಿಕ ಎಲ್ಲವನ್ನೂ ಜೋಡಿಸಿದ ಮೇಲಿನ ಪರೀಕ್ಷೆ. ತರುವಾಯ ಸಾವಿರಾರು ಜನರು ಒಮ್ಮೆಲೇ ಬಂದರೆ ಸರ್ವರ್ ತಾಳಿಕೊಳ್ಳುವುದೇ ಎಂಬ ಪರೀಕ್ಷೆ. ಇಷ್ಟಾದ ಮೇಲೆ, ಕಟ್ಟಿದವರಲ್ಲದ ಅನ್ಯರ ಕೈಗೆ ಕೊಟ್ಟು ನೋಡಬೇಕು. ಪ್ರಕಟಿಸುವಾಗಲೂ ಮೊದಲು ಕೆಲವರಿಗೆ ಮಾತ್ರ ತೆರೆದು, ದೋಷ ಕಂಡರೆ ಹಿಂದಿನ ರೂಪಕ್ಕೆ ಮರಳಲು ಅದರ ಪ್ರತಿಯನ್ನು ಕಾಪಿಟ್ಟಿರಬೇಕು.

ನಮ್ಮ ನಾಡಿನ ತಾಣಗಳಿಗೆ ಇನ್ನೂ ಕೆಲವು ಪರೀಕ್ಷೆಗಳು ಅವಶ್ಯ. ಹಳೆಯ ಮೊಬೈಲಿನಲ್ಲಿ ಕನ್ನಡದ ಒತ್ತಕ್ಷರಗಳು ಸರಿಯಾಗಿ ಮೂಡುತ್ತವೆಯೇ? ಹಳ್ಳಿಯ ಮಂದಗತಿಯ ಸಂಪರ್ಕದಲ್ಲಿ ಅರ್ಜಿಯು ಅರ್ಧಕ್ಕೆ ನಿಂತರೆ, ತುಂಬಿದ್ದೆಲ್ಲ ಅಳಿಸಿಹೋಗುವುದೇ? ನಮ್ಮಲ್ಲಿ ಅನೇಕರಿಗೆ ಅಡ್ಡಹೆಸರಿಲ್ಲ, ಹೆಸರಿನ ಹಿಂದೆ ಮುಂದೆ ಇನಿಶಿಯಲ್ ಮಾತ್ರ. ಅಡ್ಡಹೆಸರನ್ನು ಕಡ್ಡಾಯವಾಗಿ ಕೇಳುವ ಅರ್ಜಿಯ ಮುಂದೆ ಅಂಥವರು ಏನು ಮಾಡಬೇಕು? ಕಟ್ಟಿದವರಿಗೆ ಹೊಳೆಯದ ಇಂಥ ತೊಡಕು ಮನೆಯ ಅಜ್ಜಿಯ ಕೈಗೆ ಕೊಟ್ಟೊಡನೆ ಗೋಚರಿಸುತ್ತದೆ. ಆಕೆಗೆ ಹೇಳಿಕೊಡದೆ, ಸುಮ್ಮನೆ ಪಕ್ಕದಲ್ಲಿ ಕುಳಿತು, ಎಲ್ಲಿ ತಡವರಿಸುತ್ತಾಳೆಂಬುದನ್ನು ನೋಡಿದರೆ ಸಾಕು.

ಹಿರಿಯರಲ್ಲಿ ನಮ್ಮ ವಿನಂತಿ ಇಷ್ಟೇ: ಉದ್ಘಾಟನೆಯ ಮುಹೂರ್ತವನ್ನು ಗೊತ್ತುಮಾಡಿ ಮಕ್ಕಳನ್ನು ಅವಸರಪಡಿಸಬೇಡಿ. ತರುಣರಿಗೂ ಒಂದು ಮಾತು: ಕೆಲಸ ಸಿದ್ಧವಾಗಿಲ್ಲವೆಂದು ತಿಳಿದಾಗ, ಮೇಲಿನವರಿಗೆ ಅಪ್ರಿಯವಾದರೂ, ಸಿದ್ಧವಾಗಿಲ್ಲವೆಂದೇ ಹೇಳಿರಿ. ನಿಮ್ಮ ಮುಖವನ್ನೇ ಕಾಣದ ಯಾರೋ ರೋಗಿ, ಯಾರೋ ರೈತ, ಯಾರೋ ವಿದ್ಯಾರ್ಥಿನಿ ನಿಮ್ಮ ಕೆಲಸವನ್ನು ನಂಬಿ ಆ ಪುಟವನ್ನು ತೆರೆಯುತ್ತಾರೆ. ಅವರು ಬರಿಗೈಯಲ್ಲಿ ಮರಳದಂತೆ ನೋಡಿಕೊಳ್ಳುವುದೂ ನಿಮ್ಮ ಕಾಯಕಕ್ಕೇ ಸೇರಿದ್ದು.