ಕೂಸು ಸುಮ್ಮನಾಗುವುದಿಲ್ಲ

ಕಳೆದ ತಿಂಗಳ ಒಂದು ಸಂಜೆ ಕಚೇರಿಯಿಂದ ಮರಳುತ್ತಿದ್ದಾಗ ವಾಕಡದಲ್ಲಿರುವ ಅಕ್ಕನ ಮಗಳ ಕರೆ ಬಂತು. ಚೊಚ್ಚಲ ಬಸುರಿ, 36ನೆಯ ವಾರ. “ಮೌಶಿ, ಕೂಸು ಮೊದಲಿನ್ಹಂಗ ಒದಿಯಂಗಿಲ್ಲ. ಒಳಗ ಏನೋ ಹೊರಳಿದ್ಹಂಗ ಆಗ್ತದ, ಅಷ್ಟ. ಇವತ್ತಂತೂ ಅದೂ ಕಡಿಮಿ ಅನಸ್ತದ. ದಿನಾ ತುಂಬಿದ ಮ್ಯಾಲೆ ಕೂಸು ಸುಮ್ಮನಾಗ್ತದ, ಆಡಲಿಕ್ಕೆ ಜಾಗಾ ಎಲ್ಲಿರತದ ಅಂತ ಅವ್ವ ಅಂತಾಳ. ಖರೇನ?”

ನಾನು ಬಸ್ಸಿನಲ್ಲಿ ನಿಂತುಕೊಂಡೇ ಹೇಳಿದೆ: “ಖರೇ ಅಲ್ಲ. ಈಗಿಂದೀಗ ದವಾಖಾನಿಗೆ ಹೋಗು. ಅವ್ವಗ ನಾ ಹೇಳ್ತೀನಿ.”

ಬಾಣಂತನಕ್ಕೆಂದು ಗದಗಿನಿಂದ ಬಂದಿರುವ ಅಕ್ಕ ಮೂರು ಹೆತ್ತವಳು. ಅವಳ ಮಾತನ್ನು ನಾನು ಹಾಗೆ ತಳ್ಳಿಹಾಕಿದ್ದಕ್ಕೆ ಎರಡು ದಿನ ಮುನಿಸಿಕೊಂಡಿದ್ದಳು. ನಾನು ಹಾಗೇಕೆ ಹೇಳಿದೆ ಎಂಬುದನ್ನು ಇಲ್ಲಿ ವಿವರಿಸಬೇಕೆಂದಿದ್ದೇನೆ. ಊರು ಬಿಟ್ಟು ಬಂದು ಪರಭಾಷೆಯ ನಗರಗಳಲ್ಲಿ ಹೆರುವ ನಮ್ಮ ಹೆಣ್ಣುಮಕ್ಕಳಿಗೆ, ಅವರ ಗಂಡಂದಿರಿಗೆ, ಅತ್ತೆ-ತಾಯಂದಿರಿಗೆ ಇದು ಬೇಕಾದ ಮಾತೆಂದು ನನ್ನ ನಂಬಿಕೆ.

ಅಕ್ಕನ ಮಾತಿನಲ್ಲಿ ಅರ್ಧ ಸತ್ಯವಿದೆ, ಅಪಾಯವಿರುವುದೂ ಅದರಿಂದಲೇ. ಮೊದಲ ಬಸುರಿನಲ್ಲಿ ಸಾಮಾನ್ಯವಾಗಿ 18ರಿಂದ 20ನೆಯ ವಾರದ ಹೊತ್ತಿಗೆ ಕೂಸಿನ ಮಿಸುಕಾಟ ತಾಯಿಯ ಅರಿವಿಗೆ ಬರುತ್ತದೆ. ಸುಮಾರು 32ನೆಯ ವಾರದವರೆಗೆ ಅದು ಹೆಚ್ಚುತ್ತಾ ಹೋಗಿ, ಬಳಿಕ ಹೆರಿಗೆಯವರೆಗೂ ಹೆಚ್ಚುಕಡಿಮೆ ಅದೇ ಮಟ್ಟದಲ್ಲಿ ನಿಲ್ಲುತ್ತದೆ. ಕೊನೆಯ ವಾರಗಳಲ್ಲಿ ಬದಲಾಗುವುದು ಚಲನೆಯ ಬಗೆ. ಜಾಗ ಇಕ್ಕಟ್ಟಾದಂತೆ ಲಾಗ ಹಾಕುವುದು, ಚುರುಕಾಗಿ ಒದೆಯುವುದು ಕಡಿಮೆಯಾಗಿ ಮೈಮುರಿಯುವುದು, ನೂಕುವುದು, ನಿಧಾನವಾಗಿ ಹೊರಳುವುದು ಹೆಚ್ಚುತ್ತದೆ. ಇಷ್ಟು ಸಹಜ. ಚಲನೆಯ ಎಣಿಕೆಯೇ ಇಳಿಯುವುದು ಸಹಜವಲ್ಲ. ಒಳಗಿನ ಕೂಸು ನಿದ್ರಿಸುವುದೂ ಉಂಟು, ಒಮ್ಮೆಗೆ 20ರಿಂದ 40 ನಿಮಿಷ. ಆರೋಗ್ಯವಂತ ಕೂಸಿನ ನಿದ್ರೆ 90 ನಿಮಿಷ ದಾಟುವುದು ಅಪರೂಪ. ಮಾಸಿನ ಮೂಲಕ ಬರುವ ಆಮ್ಲಜನಕ ಕಡಿಮೆಯಾದಾಗ ಕೂಸು ಇರುವ ಶಕ್ತಿಯನ್ನು ಉಳಿಸಿಕೊಳ್ಳಲು ಕೈಕಾಲಾಡಿಸುವುದನ್ನು ಕಡಿಮೆ ಮಾಡುತ್ತದೆ. ಹೊರಗಿರುವ ನಾವು ಅದನ್ನು ‘ಸುಮ್ಮನಾಯಿತು’ ಎಂದು ತಿಳಿದು ಸಮಾಧಾನಪಡುತ್ತೇವೆ.

ಕೂಸಿನ ಭಂಗಿಯೂ ಈ ಗೊಂದಲಕ್ಕೆ ತನ್ನ ಪಾಲು ಸೇರಿಸುತ್ತದೆ. 28ನೆಯ ವಾರದಲ್ಲಿ ಸುಮಾರು ನಾಲ್ಕೈದು ಕೂಸುಗಳಲ್ಲಿ ಒಂದು ಅಂಡು ಅಥವಾ ಕಾಲು ಕೆಳಗಾಗಿ ಕುಳಿತಿರುತ್ತದೆ. ದಿನ ತುಂಬುವ ಹೊತ್ತಿಗೆ ನೂರರಲ್ಲಿ ಮೂರೋ ನಾಲ್ಕೋ ಮಾತ್ರ ಹಾಗೆ ಉಳಿಯುತ್ತವೆ. ತಲೆ ಕೆಳಗಾದ ಮೇಲೆ ಒದೆತ ಪಕ್ಕೆಲುಬಿನ ಬಳಿ ತಿಳಿಯುತ್ತದೆ. ಅದಕ್ಕೂ ಮೊದಲು ಕಿಬ್ಬೊಟ್ಟೆಯಲ್ಲಿ ತಿಳಿಯುತ್ತಿರುತ್ತದೆ. ಚೊಚ್ಚಲ ಬಸುರಿನಲ್ಲಿ ಹೆರಿಗೆಗೆ ಕೆಲವು ವಾರ ಮುಂಚೆಯೇ ತಲೆ ಕಟಿಯೊಳಕ್ಕೆ ಇಳಿಯುವುದುಂಟು. ಆಗ ಉಸಿರು ಹಗುರಾಗುತ್ತದೆ, ಮೂತ್ರಕ್ಕೆ ಪದೇ ಪದೇ ಏಳಬೇಕಾಗುತ್ತದೆ, “ಹೊಟ್ಟಿ ಇಳೀತು” ಎಂದು ಹಿರಿಯರು ಗುರುತಿಸುತ್ತಾರೆ. ಒದೆತದ ಸ್ಥಳ ಬದಲಾಗಿದೆ, ಬಗೆ ಬದಲಾಗಿದೆ, ಹೊಟ್ಟೆಯ ಆಕಾರ ಬದಲಾಗಿದೆ. ಇಷ್ಟೆಲ್ಲ ಬದಲಾಗುವಾಗ ಎಣಿಕೆ ಇಳಿದದ್ದೂ ಅದರಲ್ಲೊಂದೆಂದು ತೋರುವುದು ಸುಲಭ.

ಭಂಗಿಯ ಬಗ್ಗೆ ನಮ್ಮ ಪರಂಪರೆಗೆ ಬಹಳ ತಿಳಿದಿತ್ತು. ಹೊರಬರಲಾಗದೆ ಸಿಕ್ಕಿಕೊಂಡ ಕೂಸನ್ನು ಸುಶ್ರುತ ಸಂಹಿತೆ ಮೂಢಗರ್ಭವೆಂದು ಕರೆದು ಅದರಲ್ಲಿ ನಾಲ್ಕು ಬಗೆ ಹೇಳುತ್ತದೆ. ಅಡ್ಡವಾಗಿ ನಿಂತದ್ದು ‘ಪರಿಘ’, ಅಂದರೆ ಬಾಗಿಲಿಗೆ ಹಾಕಿದ ಅಗುಳಿ. ಕಾಲು ಮುಂದಾಗಿ ಹುಟ್ಟಿದವರನ್ನು ಮರಾಠಿಗರು ‘ಪಾಯಾಳೂ’ ಎನ್ನುತ್ತಾರೆ. ಅವರು ಒದ್ದರೆ ಬೆನ್ನಿನ ಉಳುಕು ಹೋಗುತ್ತದೆಂಬ ನಂಬಿಕೆ ಇಲ್ಲಿ ಇನ್ನೂ ಇದೆ. ಪಾವಗಡದ ಕಡೆಯ ಸೂಲಗಿತ್ತಿ ನರಸಮ್ಮನವರು ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದವರು. ಅಂಥವರ ಕೈಗೆ ಹೊಟ್ಟೆ ಮುಟ್ಟಿದರೆ ತಲೆ ಎಲ್ಲಿ, ಬೆನ್ನು ಎಲ್ಲಿ ಎಂಬುದು ತಿಳಿಯುತ್ತಿತ್ತು. ಜರ್ಮನಿಯ ವೈದ್ಯ ಲಿಯೋಪೋಲ್ಡ್ 1894ರಲ್ಲಿ ಇದೇ ಬಗೆಯ ಕೈವಿದ್ಯೆಯನ್ನು ನಾಲ್ಕು ಹಂತಗಳಲ್ಲಿ ಕ್ರಮಪಡಿಸಿದರು. ಇಂದಿಗೂ ವೈದ್ಯ ವಿದ್ಯಾರ್ಥಿಗಳು ಕಲಿಯುವುದು ಅದನ್ನೇ. 36ನೆಯ ವಾರದ ಹೊತ್ತಿಗೆ ಕೂಸು ತಿರುಗದಿದ್ದರೆ, ತಕ್ಕ ಸೌಲಭ್ಯವುಳ್ಳ ಆಸ್ಪತ್ರೆಯಲ್ಲಿ ನುರಿತ ವೈದ್ಯರು ಹೊಟ್ಟೆಯ ಮೇಲಿನಿಂದಲೇ ಅದನ್ನು ತಿರುಗಿಸಲು ಯತ್ನಿಸಬಹುದು; ಸುಮಾರು ಅರ್ಧದಷ್ಟು ಸಲ ಅದು ಫಲಿಸುತ್ತದೆ. ಮನೆಯಲ್ಲಿ ತಿಕ್ಕಿಸಿ ತಿರುಗಿಸುವ ಸಾಹಸ ಮಾತ್ರ ಬೇಡ.

ಭಂಗಿಯನ್ನು ಹೀಗೆ ಇನ್ನೊಬ್ಬರ ಕೈ ಅರಿಯಬಹುದು, ಯಂತ್ರ ತೋರಿಸಬಹುದು. ನಿನ್ನೆಗಿಂತ ಇಂದು ಕೂಸು ಕಡಿಮೆ ಆಡಿತು ಎಂಬುದನ್ನು ಬಲ್ಲವಳು ಹೊತ್ತವಳು ಒಬ್ಬಳೇ. ನನ್ನ ವಾದವೆಲ್ಲ ನಿಂತಿರುವುದು ಈ ಒಂದು ಸಂಗತಿಯ ಮೇಲೆ.

ಇದನ್ನು ನಾನು ಪುಸ್ತಕದಿಂದ ಮಾತ್ರ ಕಲಿತವಳಲ್ಲ. ಹದಿನೇಳು ವರ್ಷಗಳ ಹಿಂದೆ, ಕುಬಸ ಮುಗಿಸಿ ಚೊಚ್ಚಲಿಗೆಂದು ತವರಿಗೆ ಹೋಗಿದ್ದೆ. 37ನೆಯ ವಾರ. ಒಂದು ಬುಧವಾರ ಬೆಳಗಿನಿಂದ ಕೂಸು ಮಂಕಾದಂತಿತ್ತು. ಹೇಳಿದೆ. ಸಿಹಿ ತಿನ್ನು ಅಂದರು, ತಿಂದೆ. ತಣ್ಣೀರು ಕುಡಿ ಅಂದರು, ಕುಡಿದೆ. ಇಳಿದಿದೆ, ಇನ್ನೆಷ್ಟು ಆಡೀತು ಅಂದರು. ಎಲ್ಲರೂ ನನ್ನ ಮೇಲೆ ಜೀವವಿಟ್ಟವರು. ಇಂಗ್ಲಿಷ್ ಎಂ.ಎ. ಮಾಡಿ, ಕೇಂದ್ರ ಸರ್ಕಾರದ ನೌಕರಿಯಲ್ಲಿದ್ದು, ಕಡತದಲ್ಲಿ ಒಂದು ಅಂಕಿ ತಪ್ಪಿದರೂ ಹಿಡಿಯುತ್ತಿದ್ದ ನಾನು ನನ್ನೊಳಗಿನ ಲೆಕ್ಕವನ್ನು ಮಾತ್ರ ನಂಬಲಿಲ್ಲ. ಆಸ್ಪತ್ರೆಗೆ ಹೋದದ್ದು ಗುರುವಾರ ಸಂಜೆ. ಎದೆಬಡಿತ ಸಿಗಲಿಲ್ಲ. ಬುಧವಾರವೇ ಹೋಗಿದ್ದರೆ ಉಳಿಯುತ್ತಿತ್ತೆಂದು ನಾನು ಹೇಳಲಾರೆ; ವೈದ್ಯರೂ ಹೇಳಲಿಲ್ಲ. ಪ್ರಯತ್ನಕ್ಕೆ ಇದ್ದ ಒಂದು ದಿನ ನಮ್ಮ ಸಮಾಧಾನದ ಮಾತುಗಳಲ್ಲಿ ಕಳೆದುಹೋಯಿತು ಎಂಬುದನ್ನಷ್ಟೇ ಬಲ್ಲೆ.

ಪುಣೆಗೆ ಮರಳಿದ ಮೇಲೆ ಆನಂದಿಬಾಯಿ ಜೋಶಿಯವರ ಬದುಕನ್ನು ಓದಿದೆ. ಹದಿನಾಲ್ಕರ ವಯಸ್ಸಿನಲ್ಲಿ ಹೆತ್ತ ಮಗು ಹತ್ತೇ ದಿನ ಬದುಕಿತ್ತು. ವೈದ್ಯೆಯಾಗಬೇಕೆಂಬ ಅವರ ಹಟಕ್ಕೆ ಆ ಸಾವು ಕಾರಣವಾಯಿತು. 1886ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಎಂ.ಡಿ. ಪದವಿಗೆ ಅವರು ಆರಿಸಿಕೊಂಡ ವಿಷಯ ಪ್ರಾಚೀನ ಹಿಂದೂಗಳ ಪ್ರಸೂತಿವಿದ್ಯೆ. ಮರುವರ್ಷ ಫೆಬ್ರುವರಿಯಲ್ಲಿ, ಇನ್ನೂ ಇಪ್ಪತ್ತೆರಡು ತುಂಬದ ಅವರು ಇದೇ ಪುಣೆಯಲ್ಲಿ ತೀರಿಕೊಂಡರು. ಅವರು ಓಡಾಡಿದ ಊರಿನಲ್ಲೇ ಇದ್ದೇನೆಂಬುದು ಆ ದಿನಗಳಲ್ಲಿ ನನಗೆ ಒಂದು ಆಸರೆಯಾಗಿತ್ತು.

ಒಂದು ಆಕ್ಷೇಪವನ್ನು ಎದುರಿಸಬೇಕು. ಒದೆತ ಎಣಿಸಿದರೆ ಕೂಸು ಉಳಿಯುತ್ತದೆಯೇ? ಹನ್ನೆರಡು ಗಂಟೆಯಲ್ಲಿ ಹತ್ತು ಚಲನೆ ಎಂಬ ಲೆಕ್ಕ 1976ರಲ್ಲಿ ಬ್ರಿಟನ್ನಿನ ಕಾರ್ಡಿಫ್‌ನಿಂದ ಬಂದದ್ದು. ಊಟವಾದ ಮೇಲೆ ಒಂದು ಗಂಟೆ ಎಣಿಸಿ, ಮೂರಾದರೂ ಇರಬೇಕು ಎಂದು ನಮ್ಮಲ್ಲಿ ಹೇಳುವುದು ಅದರ ಇನ್ನೊಂದು ರೂಪ. ಆದರೆ 1989ರಲ್ಲಿ ಪ್ರಕಟವಾದ, 68,000 ಬಸುರಿಯರ ಅಧ್ಯಯನದಲ್ಲಿ ಕ್ರಮಬದ್ಧ ಎಣಿಕೆಯಿಂದ ಸಾವು ಕಡಿಮೆಯಾಗಲಿಲ್ಲ. 2018ರಲ್ಲಿ ಬ್ರಿಟನ್ ಮತ್ತು ಐರ್ಲೆಂಡಿನ ನಾಲ್ಕು ಲಕ್ಷಕ್ಕೂ ಹೆಚ್ಚು ಬಸುರಿಯರ ಅಧ್ಯಯನವೂ ಅರಿವು ಮೂಡಿಸುವುದರಿಂದ ಸ್ಪಷ್ಟ ಲಾಭ ಕಾಣಲಿಲ್ಲ. ಸಿಸೇರಿಯನ್ ಮಾತ್ರ ಹೆಚ್ಚಿದವು. ಇದನ್ನು ಮರೆಮಾಚುವುದು ಸರಿಯಲ್ಲ. ಹಾಗಾಗಿ ನಾನು ಯಾರಿಗೂ ಸಂಖ್ಯೆಯ ಮಂತ್ರ ಕೊಡುವುದಿಲ್ಲ. ತನ್ನ ಕೂಸಿನ ದಿನಚರಿಯನ್ನು ತಾಯಿ ಅರಿತಿರಲಿ. ಅದು ತಪ್ಪಿದರೆ ಎಡಮಗ್ಗುಲಾಗಿ ಮಲಗಿ ಗಮನವಿಟ್ಟು ನೋಡಲಿ. ಸಂಶಯ ಉಳಿದರೆ ನಾಳೆಗೆಂದು ಬಿಡದೆ ಹೊರಡಲಿ. ಅನುಮಾನವಿಲ್ಲದೆ ಕಡಿಮೆಯಾಗಿದ್ದರೆ ಮಲಗಿ ನೋಡುವಷ್ಟೂ ಕಾಯುವುದು ಬೇಡ. ಮುಂದಿನ ನಿರ್ಧಾರ ಪರೀಕ್ಷಿಸಿದ ವೈದ್ಯರದು.

ಇದಕ್ಕೆ ಅಡ್ಡಿಯಾಗುವ ಮೂರು ಸಂಗತಿಗಳು ನಮ್ಮಂಥವರ ಬದುಕಿನಲ್ಲೇ ಇವೆ. ಮೊದಲನೆಯದು ರಜೆ. ಕೇಂದ್ರ ಸರ್ಕಾರಿ ನೌಕರಳಿಗೆ 180 ದಿನಗಳ ಹೆರಿಗೆ ರಜೆಯಿದೆ. ಅದನ್ನು ಕೂಸಿಗೆಂದು ಉಳಿಸಲು 38ನೆಯ ವಾರದವರೆಗೂ ಮೇಜಿನ ಮುಂದೆ ಕುಳಿತವರನ್ನು ಕಂಡಿದ್ದೇನೆ. ಕೆಲಸದ ಗಡಿಬಿಡಿಯಲ್ಲಿ ಒಳಗಿನ ಅಲುಗಾಟ ಗಮನಕ್ಕೆ ಬರುವುದೇ ಕಷ್ಟ. ಗಂಡನಿಗೆ ಸಿಗುವ 15 ದಿನಗಳ ರಜೆಯನ್ನು ಹೆರಿಗೆಗೆ ಮುಂಚಿನ ಹದಿನೈದು ದಿನಗಳಲ್ಲೂ ಪಡೆಯಬಹುದೆಂಬುದು ಅನೇಕರಿಗೆ ತಿಳಿದಿಲ್ಲ. ನಿರ್ಜೀವ ಶಿಶು ಹುಟ್ಟಿದರೆ ಅಥವಾ ಹುಟ್ಟಿದೊಡನೆ ಕೂಸು ತೀರಿಕೊಂಡರೆ ತಾಯಿಗೆ 60 ದಿನಗಳ ವಿಶೇಷ ರಜೆ ಕೊಡುವ ಆದೇಶ 2022ರ ಸೆಪ್ಟೆಂಬರಿನಲ್ಲಿ ಬಂತು. ನನ್ನ ಕಾಲಕ್ಕೆ ಅದು ಇರಲಿಲ್ಲ.

ಎರಡನೆಯದು ತವರಿನ ಪ್ರಯಾಣ. ಭಂಗಿ, ಚಲನೆ ಎರಡನ್ನೂ ಹತ್ತಿರದಿಂದ ನೋಡಬೇಕಾದ ವಾರಗಳಲ್ಲೇ ನಮ್ಮ ಹೆಣ್ಣುಮಕ್ಕಳು ಊರು, ವೈದ್ಯರು ಎರಡನ್ನೂ ಬದಲಿಸುತ್ತಾರೆ. ಹೋಗಬಾರದೆಂದು ನಾನು ಹೇಳುವುದಿಲ್ಲ. ತವರಿನ ಆರೈಕೆಯ ಬೆಲೆ ಬಲ್ಲೆ. ಕಾಗದಪತ್ರಗಳೆಲ್ಲ ಜೊತೆಗಿರಲಿ, ಹೋದ ವಾರದಲ್ಲೇ ಅಲ್ಲಿನ ವೈದ್ಯರನ್ನು ಕಾಣಲಿ, ರಾತ್ರಿ ಹೊತ್ತು ಎಲ್ಲಿಗೆ ಹೋಗಬೇಕೆಂಬುದು ಮೊದಲೇ ಗೊತ್ತಿರಲಿ.

ಮೂರನೆಯದು ಭಾಷೆ. ಇಲ್ಲಿಯೇ ಹೆರುವವರಿಗೆ ದಾದಿಯರೊಡನೆ ಆಡಲು ಮರಾಠಿ ಬರುವುದಿಲ್ಲ. ‘ಹೊಟ್ಟೆ ನೋವು’ ಎಂದಷ್ಟೇ ಹೇಳಿ ಸಾಲಿನಲ್ಲಿ ಕುಳಿತುಬಿಡುತ್ತಾರೆ. ಒಂದೇ ವಾಕ್ಯ ಕಲಿತರೆ ಸಾಕು: “ಬಾಳಾಚೀ ಹಾಲ್‌ಚಾಲ್ ಕಮೀ ಝಾಲೀ ಆಹೇ.” ಕೂಸಿನ ಚಲನೆ ಕಡಿಮೆಯಾಗಿದೆ ಎಂದರ್ಥ. ಪುಣೆಗೆ ಹೊಸದಾಗಿ ಬಂದ ಬಸುರಿಯರಿಗೆಲ್ಲ ನಾನು ಮೊದಲು ಕಲಿಸುವ ಮರಾಠಿ ಇದು.

ಸುಭದ್ರೆಗೆ ಚಕ್ರವ್ಯೂಹದ ಕಥೆ ಹೇಳುತ್ತಿದ್ದ ಕೃಷ್ಣನಿಗೆ, ಆಕೆ ನಿದ್ರೆಹೋದ ಮೇಲೂ ಹೂಂಗುಟ್ಟುವ ದನಿ ಕೇಳುತ್ತಲೇ ಇತ್ತೆಂದು ನಮ್ಮಜ್ಜಿ ಹೇಳುತ್ತಿದ್ದರು. ಹೂಂಗುಟ್ಟುತ್ತಿದ್ದುದು ಹೊಟ್ಟೆಯೊಳಗಿನ ಅಭಿಮನ್ಯು. ಕಥೆ ಹೇಳುವವರಿಗೆ ಹೂಂಗುಟ್ಟುವಿಕೆ ನಿಂತರೆ ತಕ್ಷಣ ತಿಳಿಯುತ್ತದೆ. ಬಸುರಿಗೂ ಹಾಗೆಯೇ ತಿಳಿಯುತ್ತದೆ. ಅವಳು ಹೇಳಿದಾಗ ಕೇಳಿಸಿಕೊಳ್ಳಬೇಕಾದವರು ನಾವು.

ಆ ಸಂಜೆ ಅಕ್ಕನ ಮಗಳು ಹೋದಳು. ಅರ್ಧ ಗಂಟೆ ಎದೆಬಡಿತದ ದಾಖಲೆ ತೆಗೆದು, ಸ್ಕ್ಯಾನ್ ಮಾಡಿ, ಎಲ್ಲ ಸರಿಯಿದೆ ಎಂದು ಕಳಿಸಿದರು. ರಾತ್ರಿ ಹತ್ತಕ್ಕೆ ಸಂದೇಶ ಬಂತು: “ಸುಮ್ಮನ ಗಾಬರಿ ಮಾಡ್ಕೊಂಡೆ ಮೌಶಿ. ಡಾಕ್ಟರ್‌ಗೆ ತ್ರಾಸ ಕೊಟ್ಹಂಗ ಆತು.”

ತ್ರಾಸವೇನೂ ಆಗಿಲ್ಲ, ನಾಳೆ ಮತ್ತೆ ಹಾಗನಿಸಿದರೆ ಮತ್ತೆ ಹೋಗು ಎಂದು ಬರೆದೆ. ನಾಲ್ಕು ದಿನಗಳ ಬಳಿಕ ಮತ್ತೆ ಹೋದಳಂತೆ. ಈ ಸಲ ಕರೆದುಕೊಂಡು ಹೋದವಳು ಅಕ್ಕ.