ಮಧ್ಯಾಹ್ನದ ಸಕ್ಕರೆ

ಚೆನ್ನೈಗೆ ಬಂದು ಇಪ್ಪತ್ತೆಂಟು ವರ್ಷ ಆಯ್ತು. ಊರಿನವರಿಗೆ ಮಾಂಬಲದ ನಮ್ಮ ಮನೆ ಅಂದ್ರೆ ಅರ್ಧ ಲಾಡ್ಜು, ನಾನು ಅಂದ್ರೆ ಪುಕ್ಕಟೆ ತಮಿಳು ದುಭಾಷಿ. ಐದು ವರ್ಷದ ಹಿಂದೆ ತುಮಕೂರಿನಿಂದ ಭಾವ ಕಿಡ್ನಿ ಕಸಿಗೆ ಅಂತ ಇಲ್ಲಿಗೆ ಬಂದಿದ್ದೂ ಹಾಗೇ. ಕಿಡ್ನಿ ಕೊಟ್ಟವಳು ನಮ್ಮಕ್ಕ.

ಆಪರೇಶನ್ ಚೆನ್ನಾಗೇ ಆಯ್ತು. ಡಯಾಲಿಸಿಸ್ ಕಾಲದಲ್ಲಿ ಕುಡಿಯುವ ನೀರಿಗೂ ಲೆಕ್ಕ, ಬಾಳೆಹಣ್ಣು ಬೇಡ, ಎಳನೀರು ಬೇಡ ಅಂತ ಬದುಕಿದ್ದ ಮನುಷ್ಯನಿಗೆ ಈಗ ಹಸಿವೋ ಹಸಿವು. (ಅದರಲ್ಲಿ ಸ್ಟೀರಾಯ್ಡ್ ಮಾತ್ರೆಯ ಪಾಲೂ ಇದೆ ಅಂತ ನಮಗೇನು ಗೊತ್ತು!) ಬಂಗನಪಲ್ಲಿ ಮಾವಿನಹಣ್ಣು ನಾನೇ ಹೆಚ್ಚಿ ಕೊಟ್ಟಿದ್ದೇನೆ. ನಾಲ್ಕು ತಿಂಗಳಿಗೆ ಒಂಬತ್ತು ಕೆಜಿ ಏರಿದರು. ಖಾಲಿ ಹೊಟ್ಟೆಯ ಸಕ್ಕರೆ 98 ಇತ್ತು, ಎಲ್ಲರೂ ನಿರಾಳ. ಒಂದು ದಿನ ಸಂಜೆ ಸುಸ್ತು, ಬಾಯಾರಿಕೆ ಅಂದರು. ನನ್ನ ಹೆಂಡತಿಯ ಮೀಟರಿನಲ್ಲಿ ಸುಮ್ಮನೆ ನೋಡಿದರೆ 286!

"ನನ್ನ ಕಿಡ್ನಿಗೂ ಈಗ ಸಕ್ಕರೆ ಹಿಡೀತಾ?" ಅಂದಳು ಅಕ್ಕ. ಭಾವನಿಗೆ ಕಿಡ್ನಿ ಹೋಗಿದ್ದು ಬಿಪಿಯಿಂದ, ಅದಕ್ಕೆ ಮುಂಚೆ ಸಕ್ಕರೆ ಇರಲೇ ಇಲ್ಲ.

ಆಮೇಲೆ ತಿಳಿದದ್ದು ಇದು. ಹೊಸ ಕಿಡ್ನಿಯನ್ನು ದೇಹ ತಿರಸ್ಕರಿಸದಂತೆ ಕಾಯುವ ಟ್ಯಾಕ್ರೊಲಿಮಸ್ ಇನ್ಸುಲಿನ್ ಉತ್ಪತ್ತಿಯನ್ನೇ ಕುಗ್ಗಿಸುತ್ತದೆ. ಪ್ರೆಡ್ನಿಸೊಲೋನ್ ಇರುವ ಇನ್ಸುಲಿನ್ ನಾಟದಂತೆ ಮಾಡುತ್ತದೆ. ಆ ಮಾತ್ರೆಯನ್ನು ಬೆಳಿಗ್ಗೆ ನುಂಗುವುದರಿಂದ ಸಕ್ಕರೆ ಏರುವುದು ಮಧ್ಯಾಹ್ನ, ಸಂಜೆ. ಬೆಳಗಿನ ರಕ್ತಪರೀಕ್ಷೆಗೆ ಅದು ಸಿಗದೇ ಹೋಗಬಹುದು. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಕೂಡ ಕಸಿಯಾದ ಹೊಸದರಲ್ಲಿ ನಂಬುವಂಥದ್ದಲ್ಲ, ರಕ್ತಹೀನತೆ ಲೆಕ್ಕ ತಪ್ಪಿಸುತ್ತದೆ. ಮೊದಲ ವಾರಗಳಲ್ಲಿ ಏರಿದ ಸಕ್ಕರೆ ಕೆಲವರಿಗೆ ತಾನಾಗಿ ಇಳಿಯುವುದೂ ಉಂಟು. ಇಳಿಯದೆ ನಿಂತರೆ ವರ್ಷಗಳ ಮೇಲೆ ಸೋಂಕು, ಹೃದ್ರೋಗ. ಕಿಡ್ನಿ ಚೆನ್ನಾಗಿ ಕೆಲಸ ಮಾಡುತ್ತಿರುವಾಗಲೇ ಹೃದಯ ಕೈಕೊಟ್ಟು ಹೋಗುವವರು ಕಡಿಮೆಯಲ್ಲ.

ನನ್ನ ಸಿಟ್ಟು ಬೇರೆಯೇ. ಡಾ. ಎಂ. ವಿಶ್ವನಾಥನ್ 1948ರಲ್ಲೇ ಸ್ಟ್ಯಾನ್ಲಿ ಆಸ್ಪತ್ರೆಯಲ್ಲಿ ಡಯಾಬಿಟಿಸ್ ಕ್ಲಿನಿಕ್ ತೆರೆದ ಊರು ಇದು. ಕಿಡ್ನಿ ಕಸಿಯೂ ಇಲ್ಲಿಗೆ ಹೊಸದಲ್ಲ. ಪಕ್ಕದ ವೆಲ್ಲೂರಿನ ಸಿಎಂಸಿಯಲ್ಲಿ 1971ರಲ್ಲೇ ಆಗಿದೆ. ಆದರೂ ನಮ್ಮ ಕೈಗೆ ಕೊಟ್ಟ ಸೂಚನೆ ಹಾಳೆಯಲ್ಲಿ ಮಾಸ್ಕಿಗೆ ಅರ್ಧ ಪುಟ, ಸಕ್ಕರೆಗೆ ಒಂದು ಸಾಲು. ಅದೂ ತಮಿಳು, ಇಂಗ್ಲಿಷಿನಲ್ಲಿ. ಅನುವಾದ ಮಾಡಿದವನು ನಾನೇ, ಆ ಸಾಲನ್ನು ಗಾಳಿಯಲ್ಲಿ ಹಾರಿಸಿದವನೂ ನಾನೇ.

ಅರ್ಧ ತಿಳಿಯುವುದು ಇನ್ನೂ ಅಪಾಯ. ಮಾತ್ರೆಯಿಂದಲೇ ಸಕ್ಕರೆ ಅಂತ ಗೊತ್ತಾದದ್ದೇ ತಡ, ಭಾವ ಯಾರಿಗೂ ಹೇಳದೆ ಟ್ಯಾಕ್ರೊಲಿಮಸ್ ಅರ್ಧ ಮಾಡಿಬಿಟ್ಟರು! ಹನ್ನೊಂದು ದಿನಕ್ಕೆ ಕ್ರಿಯಾಟಿನಿನ್ ಏರಿತು, ಮತ್ತೆ ಆಸ್ಪತ್ರೆ. ಕಿಡ್ನಿ ಉಳಿದದ್ದು ಅಕ್ಕನ ಪುಣ್ಯ. ಸಕ್ಕರೆಗೆ ಇನ್ಸುಲಿನ್ ಇದೆ, ಮಾತ್ರೆ ಇದೆ, ನಡಿಗೆ ಇದೆ. ಕಿಡ್ನಿ ಕಾಯುವ ಔಷಧಿಯ ಪ್ರಮಾಣ ಮಾತ್ರ ಡಾಕ್ಟರೇ ಬದಲಿಸಬೇಕು.

ನಿಮ್ಮವರು ಯಾರಾದರೂ ಕಸಿ ಮಾಡಿಸಿಕೊಂಡಿದ್ದರೆ, ಮಧ್ಯಾಹ್ನ ಊಟವಾದ ಎರಡು ಗಂಟೆಗೆ ಸಕ್ಕರೆ ನೋಡಬೇಕೇ ಅಂತ ಡಾಕ್ಟರನ್ನು ನೀವೇ ಬಾಯಿಬಿಟ್ಟು ಕೇಳಿ.

ಭಾವ ಈಗ ದಿನಾ ನಾಲ್ಕು ಗಂಟೆಗೆ ಫೋನು ಮಾಡಿ ನಂಬರು ಒಪ್ಪಿಸುತ್ತಾರೆ. ನಿನ್ನೆ 162. ಹಿಂದಿನಿಂದ ಅಕ್ಕ, "ಗೃಹಪ್ರವೇಶದಲ್ಲಿ ಹೋಳಿಗೆ ತಿಂದ ದಿನದ್ದೂ ಹೇಳ್ರೀ" ಅನ್ನುತ್ತಿದ್ದಳು.