ವೃದ್ಧಾಪ್ಯದ ಸಂಶೋಧನೆ: ಪ್ರಯೋಗಶಾಲೆಯಿಂದ ಹಳ್ಳಿಯ ಅಂಗಳಕ್ಕೆ



ಮನೆಯ ಹಿರಿಯರು ಹೆಸರು ಮರೆತರೆ, ಕಿವಿ ಕೇಳಿಸದೆ ಮೂಲೆಯಲ್ಲಿ ಸುಮ್ಮನೆ ಕುಳಿತರೆ ‘ವಯಸ್ಸಾಯಿತು’ ಎಂಬ ಒಂದೇ ಮಾತಿನಲ್ಲಿ ನಾವು ವಿಷಯವನ್ನು ಮುಗಿಸಿಬಿಡುತ್ತೇವೆ. ಈ ಮಾತು ಪೂರ್ತಿ ನಿಜವಲ್ಲವೆಂದು ಕಳೆದ ಕೆಲವು ದಶಕಗಳ ಸಂಶೋಧನೆ ತೋರಿಸಿಕೊಟ್ಟಿದೆ.

ಮೊದಲಿಗೆ ಈ ಸಂಶೋಧನೆ ಜೀವಕೋಶದೊಳಗೆ ನಡೆಯಿತು. ಮಾನವನ ಸಾಮಾನ್ಯ ಜೀವಕೋಶಗಳು ಮಿತವಾದಷ್ಟು ಸಲ ಮಾತ್ರ ವಿಭಜನೆಗೊಳ್ಳುತ್ತವೆ ಎಂಬುದನ್ನು 1961ರಲ್ಲಿ ಹೇಫ್ಲಿಕ್ ಮತ್ತು ಮೂರ್‌ಹೆಡ್ ತೋರಿಸಿದರು. 1993ರಲ್ಲಿ ಸಿಂಥಿಯಾ ಕೆನ್ಯನ್ ಅವರ ತಂಡವು ಒಂದೇ ವಂಶವಾಹಿಯ ಬದಲಾವಣೆಯಿಂದ ಸೂಕ್ಷ್ಮ ಹುಳುವೊಂದರ ಆಯುಷ್ಯ ಇಮ್ಮಡಿಯಾದುದನ್ನು ಕಂಡಿತು. ವರ್ಣತಂತುಗಳ ತುದಿಯನ್ನು ಕಾಯುವ ಟೆಲೋಮಿಯರ್ ಕುರಿತ ಶೋಧಕ್ಕೆ 2009ರಲ್ಲಿ ನೊಬೆಲ್ ದೊರೆಯಿತು. ಇಷ್ಟಾದರೂ ಮನುಷ್ಯನ ಮುಪ್ಪನ್ನು ನಿಲ್ಲಿಸುವ ಔಷಧ ಸಿದ್ಧವಾಗಿಲ್ಲ.

ಅದೇ ಕಾಲದಲ್ಲಿ ಪ್ರಶ್ನೆಯೇ ಬದಲಾಯಿತು. ಎಷ್ಟು ವರ್ಷ ಬದುಕಿದರು ಎನ್ನುವುದಕ್ಕಿಂತ, ತಮಗೆ ಬೇಕಾದುದನ್ನು ಮಾಡುವ ಶಕ್ತಿ ಎಷ್ಟು ಉಳಿದಿದೆ ಎಂಬುದೇ ಮುಖ್ಯವೆಂದು ವಿಶ್ವ ಆರೋಗ್ಯ ಸಂಸ್ಥೆ 2015ರ ವರದಿಯಲ್ಲಿ ಹೇಳಿತು. ಕಾಯಕವನ್ನೇ ಬದುಕೆಂದು ನಂಬಿದ ಸಮಾಜಕ್ಕೆ ಈ ಅಳತೆಗೋಲು ಅಪರಿಚಿತವಲ್ಲ.

ನಮ್ಮ ನಾಡಿನಲ್ಲಿಯೂ ಕೆಲಸ ನಡೆದಿದೆ. 2017-18ರಲ್ಲಿ ಆರಂಭವಾದ ರಾಷ್ಟ್ರೀಯ ಅಧ್ಯಯನವು 45 ವರ್ಷ ದಾಟಿದವರು ಸೇರಿದಂತೆ 72 ಸಾವಿರಕ್ಕೂ ಹೆಚ್ಚು ಜನರನ್ನು ಮಾತನಾಡಿಸಿತು. ಅದರ ಮುಂದುವರಿದ ಭಾಗವು 60 ದಾಟಿದವರಲ್ಲಿ ಶೇ. 7.4ರಷ್ಟು ಮಂದಿಗೆ ಮರೆಗುಳಿತನದ ಕಾಯಿಲೆ ಇದೆಯೆಂದು ಅಂದಾಜಿಸಿದೆ. ಮಹಿಳೆಯರಲ್ಲಿ, ಹಳ್ಳಿಗರಲ್ಲಿ, ಅಕ್ಷರ ಕಲಿಯದವರಲ್ಲಿ ಈ ಪ್ರಮಾಣ ಹೆಚ್ಚು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 10 ಸಾವಿರ ಜನರನ್ನು ವರ್ಷಾನುವರ್ಷ ಪರೀಕ್ಷಿಸುವ ಗುರಿಯಿಟ್ಟುಕೊಂಡಿದೆ. ಹಳ್ಳಿಯ ಅಜ್ಜಿಯ ನೆನಪಿನ ಶಕ್ತಿಯೂ ವಿಜ್ಞಾನದ ವಿಷಯವಾಗಿರುವುದು ದೊಡ್ಡ ಬದಲಾವಣೆಯೇ ಸರಿ.

2024ರಲ್ಲಿ ಲ್ಯಾನ್ಸೆಟ್ ಆಯೋಗವು ಈ ಕಾಯಿಲೆಗೆ 14 ಬದಲಾಯಿಸಬಹುದಾದ ಕಾರಣಗಳನ್ನು ಗುರುತಿಸಿತು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನಗಳ ಜೊತೆಗೆ ಕಿವುಡುತನ, ದೃಷ್ಟಿದೋಷ, ಬಾಲ್ಯದಲ್ಲಿ ಶಿಕ್ಷಣದ ಕೊರತೆ ಮತ್ತು ಒಂಟಿತನವೂ ಆ ಪಟ್ಟಿಯಲ್ಲಿವೆ. ಇವೆಲ್ಲವನ್ನೂ ನಿವಾರಿಸಿದರೆ ಸುಮಾರು ಶೇ. 45ರಷ್ಟು ಪ್ರಕರಣಗಳನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂಬುದು ಅದರ ಅಂದಾಜು.

ಮಹಾಗಾಂವ, ಕಮಲಾಪುರ ಭಾಗದ ನಮಗೆ ಈ ಪಟ್ಟಿ ಕನ್ನಡಿಯಂತಿದೆ. ಮಕ್ಕಳು ದುಡಿಮೆಗಾಗಿ ಹೈದರಾಬಾದ್, ಪುಣೆ, ಬೆಂಗಳೂರು ಸೇರಿದ ಮನೆಗಳಲ್ಲಿ ತಾಯಂದಿರು ಒಬ್ಬರೇ ಉಳಿದಿದ್ದಾರೆ. ಅವರಲ್ಲಿ ಅನೇಕರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಕಳೆದ ಬಾಲ್ಯವನ್ನು ಮರಳಿ ಕೊಡಲಾಗದು. ಆದರೆ ರಕ್ತದೊತ್ತಡ ನೋಡಿಸುವುದು, ಕಣ್ಣು ಕಿವಿ ತೋರಿಸುವುದು, ದಿನಕ್ಕೊಮ್ಮೆ ಕುಳಿತು ಮಾತನಾಡುವುದು ನಮ್ಮ ಕೈಯಲ್ಲಿದೆ. ಬಡ ಹಿರಿಯರಿಗೆ ಶ್ರವಣಯಂತ್ರ, ಕನ್ನಡಕಗಳನ್ನು ಒದಗಿಸಲು 2017ರಿಂದ ಕೇಂದ್ರದ ರಾಷ್ಟ್ರೀಯ ವಯೋಶ್ರೀ ಯೋಜನೆಯಿದೆ. ಅದರ ಅರ್ಜಿ ತುಂಬಿಸಿಕೊಡುವುದೂ ದಾಸೋಹವೇ.

ವಿಜ್ಞಾನ ತನ್ನ ಪಾಲಿನ ಕೆಲಸ ಮುಂದುವರಿಸಲಿ. ಒಂಟಿತನಕ್ಕೆ ಮದ್ದು ಅರೆಯುವವರು ಮಾತ್ರ ನೆರೆಹೊರೆಯವರಾದ ನಾವೇ. ‘ವಯಸ್ಸಾಯಿತು’ ಎನ್ನುವ ಮುನ್ನ ನಮ್ಮ ಓಣಿಯ ಹಿರಿಯರನ್ನು ಒಮ್ಮೆ ಕಂಡು ಬರೋಣ.